ನಿಮಗಿದು ಗೊತ್ತೆ? ನಿಂತ ವ್ಯಾನಿಗೆ ಕರೆಂಟು ಕಡಿಮೆ!

ಎಂಜಿನ್ ಓಡುತ್ತಿರುವಾಗ ವ್ಯಾನಿನ ದೀಪ, ಫ್ಯಾನು, ಮ್ಯೂಸಿಕ್ ಸಿಸ್ಟಂಗೆ ಕರೆಂಟು ಕೊಡುವುದು ಮುಖ್ಯವಾಗಿ ಬ್ಯಾಟರಿಯಲ್ಲ, ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್. ಫ್ರಿಜ್ಜು, ಇನ್ವರ್ಟರು ಎಂದು ಒಂದೊಂದೇ ಸೇರಿಸುತ್ತ ಹೋದರೆ ಅದು ಸಾಲದಾಗುತ್ತದೆ. ಆಗ ಹೆಚ್ಚು ಆಂಪಿಯರಿನದನ್ನು ಹಾಕಿಸುವುದುಂಟು. ಆದರೆ ಅದರ ಮೇಲೆ ಬರೆದ 150 ಅಥವಾ 200 ಆಂಪಿಯರ್ ಸಿಗುವುದು ಅದು ನಿಮಿಷಕ್ಕೆ ಸುಮಾರು 6,000 ಸುತ್ತು ತಿರುಗುವಾಗ. ಸಿಗ್ನಲ್ಲಿನಲ್ಲಿ ಗಾಡಿ ಐಡಲ್‌ನಲ್ಲಿದ್ದಾಗ ಅರ್ಧ ಬಂದರೆ ಪುಣ್ಯ. ಐಡಲ್‌ನಲ್ಲಿ ಎಷ್ಟು ಬರುತ್ತದೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕರೆಂಟೇನೂ ಬಿಟ್ಟಿಯಲ್ಲ. 14 ವೋಲ್ಟಿನಲ್ಲಿ 200 ಆಂಪಿಯರ್ ಎಂದರೆ 2,800 ವ್ಯಾಟ್. ಶಾಖವಾಗಿ ಹೋಗುವ ನಷ್ಟವೂ ಸೇರಿ ಎಂಜಿನ್ನಿನಿಂದ ಸುಮಾರು ಆರು ಅಶ್ವಶಕ್ತಿ ಅದಕ್ಕೇ ಹೋಗುತ್ತದೆ. ಬೆಲ್ಟು ಸಡಿಲವಿದ್ದರೆ ಕಿರ್ರೆಂದು ಜಾರುತ್ತದೆ. ಬ್ಯಾಟರಿಗೆ ಹೋಗುವ ಕೇಬಲ್, ಅದರ ಫ್ಯೂಸು, ಎಂಜಿನ್ನಿನ ಅರ್ತಿಂಗ್ ಪಟ್ಟಿ ಎಲ್ಲವೂ ಹೊಸ ಹೊರೆಗೆ ತಕ್ಕಂತಿರಬೇಕು. ಹಳೆಯ ಸಣ್ಣ ಕೇಬಲನ್ನೇ ಬಿಟ್ಟರೆ ಅದು ಕಾದು ಬೆಂಕಿ ಹೊತ್ತೀತು.

ಫ್ರಿಜ್ಜು, ಇನ್ವರ್ಟರಿಗೆಂದು ಲಿಥಿಯಂ ಬ್ಯಾಟರಿ ಹಾಕಿಸಿದ್ದರೆ, ಖಾಲಿಯಾದಾಗ ಅದು ಸಿಕ್ಕಷ್ಟೂ ಕರೆಂಟು ಎಳೆಯುತ್ತದೆ. ಗಾಡಿಯನ್ನು ಐಡಲ್‌ನಲ್ಲಿ ನಿಲ್ಲಿಸಿಕೊಂಡೇ ಚಾರ್ಜ್ ಮಾಡಿದರೆ, ಆಲ್ಟರ್ನೇಟರನ್ನು ತಂಪಾಗಿಡುವ ಒಳಗಿನ ಫ್ಯಾನು ನಿಧಾನವಾಗಿ ತಿರುಗುವುದರಿಂದ, ಆಲ್ಟರ್ನೇಟರೇ ಸುಟ್ಟುಹೋಗಬಹುದು. ಆಲ್ಟರ್ನೇಟರಿಗೂ ಈ ಬ್ಯಾಟರಿಗೂ ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕುವುದು ಈ ಎಳೆತಕ್ಕೆ ಮಿತಿ ಹಾಕಲೆಂದೇ.