ಓದುವ ಸವಾಲು ಮುಗಿದ ಮಾರನೇ ದಿನ ಕಪಾಟಿನ ಬೀಗ ತೆರೆದಿರುತ್ತಾ?

ಇಷ್ಟು ದಿನದಲ್ಲಿ ಇಷ್ಟು ಪುಸ್ತಕ ಓದಿ, ಚಾರ್ಟಿನಲ್ಲಿ ನಕ್ಷತ್ರ ಅಂಟಿಸಿ, ಕೊನೆಗೆ ಪ್ರಮಾಣಪತ್ರ ತಗೊಳ್ಳಿ. ಶಾಲೆಗಳ ‘ಓದುವ ಸವಾಲು’ ಸಾಮಾನ್ಯವಾಗಿ ನಡೆಯೋದು ಹೀಗೆ. ಫೋಟೊ ಚೆನ್ನಾಗಿ ಬರುತ್ತೆ, ಮೇಲಕ್ಕೆ ಕಳಿಸೋಕೆ ಒಂದು ವರದಿಯೂ ಆಗುತ್ತೆ. ಆದರೆ ಮಕ್ಕಳ ಓದು ಸುಧಾರಿಸುತ್ತಾ? ಅಸರ್ 2024ರ ವರದಿ ಪ್ರಕಾರ, ಗ್ರಾಮೀಣ ಭಾರತದ 5ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿಯ ಪಠ್ಯ ಓದಬಲ್ಲವರು ಶೇ 48.8 ಮಾತ್ರ. ಹಾಗಾಗಿ ಇದು ಪುಸ್ತಕಪ್ರೇಮಿಗಳ ಹವ್ಯಾಸದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ.

ಫಿಲಿಪ್ಪೀನ್ಸ್ ಮಾಡಿ ನೋಡಿದ್ದು

ಈ ಪ್ರಶ್ನೆಗೆ ಸರಿಯಾದ ಪ್ರಯೋಗದ ಉತ್ತರ ಇದೆ. ಫಿಲಿಪ್ಪೀನ್ಸ್‌ನ ತಾರ್ಲಾಕ್ ಪ್ರಾಂತ್ಯದ 100 ಶಾಲೆಗಳನ್ನು ಸಂಶೋಧಕರು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನ 4ನೇ ತರಗತಿಗಳಿಗೆ ವಯಸ್ಸಿಗೆ ತಕ್ಕ ಕತೆ ಪುಸ್ತಕ ಕೊಟ್ಟರು, ಶಿಕ್ಷಕರಿಗೆ ತರಬೇತಿ ಕೊಟ್ಟರು, 31 ದಿನ ಓದುವ ಸವಾಲು ನಡೆಸಿದರು. ಇನ್ನೊಂದು ಗುಂಪು ಎಂದಿನಂತೆ ನಡೆಯಿತು.

ಫಲಿತಾಂಶ: ಓದುವ ಸಾಮರ್ಥ್ಯ 0.13 ಸ್ಟ್ಯಾಂಡರ್ಡ್ ಡೀವಿಯೇಶನ್ ಹೆಚ್ಚಿತು. ಈ ಲೆಕ್ಕ ಎಂಜಿನಿಯರಿಂಗ್ ಓದಿದವರಿಗಷ್ಟೇ ಅಂದ್ಕೋಬೇಡಿ. ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ನಿಂತಿದ್ದ ಮಗು ಸುಮಾರು ಐದು ಸ್ಥಾನ ಮುಂದೆ ಬಂತು, ಅಷ್ಟೇ ಅರ್ಥ. ಒಂದೇ ತಿಂಗಳ ಕೆಲಸಕ್ಕೆ ಇದು ಕಡಿಮೆಯೇನಲ್ಲ. ಮಕ್ಕಳು ಮನೆಯಲ್ಲೂ ಹೆಚ್ಚು ಓದತೊಡಗಿದರು.

ಆದರೆ ಮೂರು ತಿಂಗಳ ನಂತರ ಅಳೆದಾಗ 0.13 ಇದ್ದದ್ದು 0.06ಕ್ಕೆ ಇಳಿದಿತ್ತು. ಸವಾಲು ಮುಗಿದ ಮೇಲೆ ತರಗತಿಯಲ್ಲಿ ಓದಿಗೆ ಮೊದಲಿನ ಒತ್ತು ಉಳಿಯದಿರೋದೇ ಕಾರಣ ಇರಬೇಕು ಅಂತಾರೆ ಸಂಶೋಧಕರು. ಸವಾಲು ಕೆಲಸ ಮಾಡುತ್ತೆ, ಅದನ್ನು ನಿಲ್ಲಿಸಿದರೆ ಫಲವೂ ಕರಗುತ್ತೆ.

ಬಹುಮಾನ ಕೊಡಬೇಕಾ?

1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಚಿತ್ರ ಬಿಡಿಸೋದು ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳಿಗೆ, ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡ್ತೀವಿ ಅಂದರು. ಕೆಲವು ದಿನಗಳ ನಂತರ ನೋಡಿದರೆ, ಆ ಮಕ್ಕಳು ಉಳಿದವರಿಗಿಂತ ಬಹಳ ಕಡಿಮೆ ಹೊತ್ತು ಚಿತ್ರ ಬಿಡಿಸುತ್ತಿದ್ದರು. ಖುಷಿಯ ಕೆಲಸ ಕೂಲಿಯ ಕೆಲಸವಾಗಿತ್ತು.

ಇನ್ನೊಂದು ಕಡೆ ಅಮೆರಿಕದ ಡಲ್ಲಾಸ್‌ನಲ್ಲಿ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್, 2ನೇ ತರಗತಿಯ ಮಕ್ಕಳಿಗೆ ಪುಸ್ತಕವೊಂದಕ್ಕೆ 2 ಡಾಲರ್ ಕೊಡಿಸಿದರು. ಅಲ್ಲಿ ಓದಿನ ಗ್ರಹಿಕೆ ಹೆಚ್ಚಿತು. ಅಂಕಕ್ಕೆ ದುಡ್ಡು ಕೊಟ್ಟ ನ್ಯೂಯಾರ್ಕ್ ಮತ್ತು ಷಿಕಾಗೋದಲ್ಲಿ ಪರೀಕ್ಷೆಯ ಫಲಿತಾಂಶ ಸುಧಾರಿಸಲಿಲ್ಲ. ಎರಡನ್ನೂ ಸೇರಿಸಿ ನೋಡಿದರೆ ನನಗೆ ಕಾಣೋದು ಇದು: ಓದೋದೇ ಕಷ್ಟ ಅನ್ನುವ ಮಗುವಿಗೆ ಸಣ್ಣ ತಳ್ಳು ನೆರವಾಗಬಹುದು. ಆದರೆ ಇಡೀ ಶಾಲೆಯಲ್ಲಿ ‘ಅತಿ ಹೆಚ್ಚು ಪುಸ್ತಕ ಓದಿದವರು’ ಅಂತ ಒಬ್ಬರಿಗೆ ಕಪ್ ಕೊಟ್ಟರೆ, ಅದು ಬಹುಪಾಲು ಮೊದಲೇ ಓದುತ್ತಿದ್ದ ಮಗುವಿನ ಪಾಲಾಗುತ್ತೆ. ಹಿಂದಿನ ಬೆಂಚಿನವರು ಎರಡನೇ ದಿನವೇ ಆಟದಿಂದ ಹೊರಗೆ.

ನಮ್ಮ ಕತೆ

ಕೇಂದ್ರ ಸರ್ಕಾರ 2022ರ ಜನವರಿ 1ರಿಂದ ಏಪ್ರಿಲ್ 10ರವರೆಗೆ 100 ದಿನಗಳ ಓದುವ ಅಭಿಯಾನ ನಡೆಸಿತು. ಬಾಲವಾಟಿಕಾದಿಂದ 8ನೇ ತರಗತಿವರೆಗೆ, 14 ವಾರ, ವಾರಕ್ಕೊಂದು ಚಟುವಟಿಕೆ. ಅದೇ ಜನವರಿಯ ಬಹುಪಾಲು ದಿನ ಬೆಂಗಳೂರಿನಲ್ಲಿ ಕೋವಿಡ್ ಮೂರನೇ ಅಲೆಯಿಂದಾಗಿ 1ರಿಂದ 9ನೇ ತರಗತಿಗಳೇ ಮುಚ್ಚಿದ್ದವು.

ಅಭಿಯಾನ ಹೋಗಲಿ, ಕಾಯಂ ವ್ಯವಸ್ಥೆ ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟದಲ್ಲೇ ಪ್ರತಿ ಶಾಲೆಗೂ ಗ್ರಂಥಾಲಯ ಬೇಕು, ಅದರಲ್ಲಿ ಕತೆ ಪುಸ್ತಕವೂ ಇರಬೇಕು ಅಂತಿದೆ. ಸಮಗ್ರ ಶಿಕ್ಷಾದ ಅಡಿ ಗ್ರಂಥಾಲಯಕ್ಕೆ ವರ್ಷಕ್ಕೆ ಪ್ರಾಥಮಿಕ ಶಾಲೆಗೆ 5,000, 1ರಿಂದ 8ನೇ ತರಗತಿ ಇರುವ ಶಾಲೆಗೆ 13,000 ರೂಪಾಯಿವರೆಗೆ ಅನುದಾನದ ಅವಕಾಶವಿದೆ. ಒಂದು ಪುಸ್ತಕಕ್ಕೆ 50 ರೂಪಾಯಿ ಹಿಡಿದರೂ ಚಿಕ್ಕ ಶಾಲೆಗೆ ವರ್ಷಕ್ಕೆ 100 ಪುಸ್ತಕ.

ಹಾಗಿದ್ರೆ ಪುಸ್ತಕ ಎಲ್ಲಿ? ಎಷ್ಟೋ ಶಾಲೆಗಳಲ್ಲಿ ಮುಖ್ಯ ಶಿಕ್ಷಕರ ಕೋಣೆಯ ಬೀರುವಿನಲ್ಲಿ. ಇದಕ್ಕೆ ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ದಾಸ್ತಾನು ವಹಿಯಲ್ಲಿ ಪುಸ್ತಕವೂ ಬೆಂಚು, ಕುರ್ಚಿಯಂತೆ ಒಂದು ‘ಆಸ್ತಿ’. ಕಳೆದರೆ ಉತ್ತರ ಕೊಡಬೇಕಾದವರು ಅವರೇ. ಬೀಗ ಹಾಕಿದರೆ ಯಾರೂ ಕೇಳಲ್ಲ, ಪುಸ್ತಕ ಹರಿದರೆ ಎಲ್ಲರೂ ಕೇಳ್ತಾರೆ. ಇಂಥ ನಿಯಮ ಇಟ್ಟುಕೊಂಡು ಓದುವ ಸವಾಲು ಘೋಷಿಸಿದರೆ, ಅದು ಬೀಗ ಜಡಿದ ಮೈದಾನದ ಮುಂದೆ ಕ್ರೀಡಾಕೂಟದ ಬ್ಯಾನರ್ ಕಟ್ಟಿದಂತೆ.

ಕೇಳಬೇಕಾದ್ದು ಮೂರು

ಒಂದು, ವರ್ಷಕ್ಕೆ ಇಷ್ಟು ಪುಸ್ತಕ ಹರಿಯಬಹುದು, ಕಳೆಯಬಹುದು ಅಂತ ಇಲಾಖೆ ಲಿಖಿತವಾಗಿ ಹೇಳಲಿ. ಎರಡು, ‘ಎಷ್ಟು ಓದಿದರು’ ಅನ್ನೋದಕ್ಕಿಂತ ‘ಎಷ್ಟು ಮಕ್ಕಳು ಈ ವಾರ ಪುಸ್ತಕ ಮನೆಗೆ ಒಯ್ದರು’ ಅನ್ನೋದನ್ನು ಎಣಿಸಲಿ. ಮೂರು, ಸವಾಲು ಮುಗಿದ ಮೇಲೂ ವೇಳಾಪಟ್ಟಿಯಲ್ಲಿ ಓದಿನ ಅವಧಿ ಉಳಿಯಲಿ.

ದಾರಿ ನಮ್ಮ ರಾಜ್ಯದಲ್ಲೇ ಇದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಶಾಲೆಯ ಸವಾಲನ್ನು ಇದಕ್ಕೆ ಜೋಡಿಸಿದರೆ ಬೇಸಿಗೆ ರಜೆಯಲ್ಲೂ ಓದು ನಿಲ್ಲಲ್ಲ. ನಿಮ್ಮೂರಿನ ಎಸ್‌ಡಿಎಂಸಿ ಸಭೆಯಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಮೊದಲ ಪ್ರಶ್ನೆ ಸರಳವಾಗಿರಲಿ: ಬೀರುವಿನ ಕೀಲಿ ಯಾರ ಹತ್ತಿರ ಇದೆ?