ಮೊಮ್ಮಗುವಿನ ಜೊತೆ ಜಮೈಕಾದ ಗವಿಯೊಳಗೆ



ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ "ಈ ಸಲ ಎಲ್ಲರೂ ಕೆರಿಬಿಯನ್ ಕ್ರೂಸಿಗೆ ಹೋಗೋಣ" ಎನ್ನುವ ಮಾತು ನಿಮ್ಮಲ್ಲಿ ಹಲವರ ಕಿವಿಗೂ ಬಿದ್ದಿರಬಹುದು. ಹಡಗು ಜಮೈಕಾದ ಓಚೊ ರಿಯೋಸ್ ಅಥವಾ ಫಾಲ್ಮತ್ ಬಂದರಿನಲ್ಲಿ ನಿಂತರೆ ಒಂದು ಕೆಲಸ ಮಾಡಿ. ಮಗ ಸೊಸೆಯನ್ನು ಸಮುದ್ರದ ದಂಡೆಗೆ ಕಳಿಸಿ, ಮೊಮ್ಮಗುವಿನ ಕೈ ಹಿಡಿದು ಗ್ರೀನ್ ಗ್ರೊಟೊ ಗುಹೆಗೆ ಹೋಗಿ. ಎರಡೂ ಬಂದರುಗಳ ನಡುವೆ, ಉತ್ತರ ಕರಾವಳಿಯ ಡಿಸ್ಕವರಿ ಬೇ ಹತ್ತಿರ ಅದು ಸಿಗುತ್ತದೆ. (2006ರಲ್ಲಿ ನಮ್ಮ ದ್ರಾವಿಡ್, ಕುಂಬ್ಳೆ ಗೆದ್ದು ಬಂದ ಸಬೀನಾ ಪಾರ್ಕ್ ನೋಡುವ ಆಸೆಯೇ? ಅದು ದ್ವೀಪದ ಆಚೆ ಬದಿಯ ಕಿಂಗ್‌ಸ್ಟನ್‌ನಲ್ಲಿದೆ. ಒಂದೇ ದಿನದಲ್ಲಿ ಎರಡಕ್ಕೂ ಆಸೆಪಡಬೇಡಿ.)

ಒಳಗೆ ಹೋಗುವಾಗ ತಲೆಗೆ ಹೆಲ್ಮೆಟ್ ಕೊಡುತ್ತಾರೆ. ಮಕ್ಕಳಿಗೆ ಅಲ್ಲಿಂದಲೇ ಸಂಭ್ರಮ. ಗೋಡೆಗೆ ಅಂಟಿದ ಪಾಚಿಯ ಬಣ್ಣದಿಂದ ಗುಹೆಗೆ ಆ ಹೆಸರು. ಛಾವಣಿಯ ಬಿರುಕುಗಳಿಂದ ಮರದ ಬೇರುಗಳು ಹಗ್ಗದಂತೆ ಇಳಿದಿವೆ, ಬಾವಲಿಗಳೂ ಇವೆ. ಮೇಲಿನಿಂದ ಇಳಿಬಿದ್ದ ಸುಣ್ಣದ ಕೋಲುಗಳನ್ನು ಯಾರು ಮಾಡಿದರೆಂದು ಮಗು ಕೇಳಿದರೆ, ಚೆನ್ನೈ, ಹೈದರಾಬಾದಿನ ಗಡಸು ನೀರು ಕಂಡವರಿಗೆ ಉತ್ತರ ಸುಲಭ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರದ ಅಣ್ಣತಮ್ಮಂದಿರೇ ಇವು! ಮಳೆನೀರು ಗಾಳಿ, ಮಣ್ಣಿನ ಇಂಗಾಲದ ಡೈ ಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತದೆ. ಗವಿಯೊಳಗೆ ತೊಟ್ಟಿಕ್ಕುವಾಗ ಆ ಸುಣ್ಣವನ್ನು ಬಿಟ್ಟುಹೋಗುತ್ತದೆ. ಬೆರಳುದ್ದ ಬೆಳೆಯಲು ಶತಮಾನಗಳೇ ಬೇಕು. ಮುಟ್ಟಬೇಡ ಎಂದು ಮೊದಲೇ ಹೇಳಿರಿ, ಕೈಯ ಜಿಡ್ಡು ತಾಗಿದರೆ ಬೆಳವಣಿಗೆ ಕುಂಠಿತವಾಗುತ್ತದೆ.

ಕಷ್ಟದ ಪ್ರಶ್ನೆ ಬರುವುದು ಆಮೇಲೆ. ಈ ಗವಿಯ ಕಥೆಯೆಲ್ಲ ಅಡಗಿಕೊಂಡವರ ಕಥೆ. ಮೊದಲು ಇಲ್ಲಿದ್ದವರು ದ್ವೀಪದ ಮೂಲನಿವಾಸಿಗಳಾದ ಟೈನೋ ಜನ. 1494ರಲ್ಲಿ ಕೊಲಂಬಸ್ ಬಂದ, ಹಿಂದೆಯೇ ಸ್ಪೇನ್ ಬಂತು. 1655ರಲ್ಲಿ ಇಂಗ್ಲಿಷರು ದಾಳಿ ಮಾಡಿದಾಗ ಸ್ಪೇನಿನ ಕೊನೆಯ ಗವರ್ನರ್ ಇಸಾಸಿ ಐದು ವರ್ಷ ಹೋರಾಡಿ ಕ್ಯೂಬಾಕ್ಕೆ ಓಡಿಹೋದ. ಅವನು ಅಡಗಿದ್ದು ಇಲ್ಲೇ ಎನ್ನುತ್ತಾರೆ. ಅವನಿಗಾದರೋ ಓಡಲು ಒಂದು ದೇಶವಿತ್ತು. ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡು ಇಲ್ಲಿ ಅಡಗಿದ ಆಫ್ರಿಕಾದ ಗುಲಾಮರಿಗೆ ಅದೂ ಇರಲಿಲ್ಲ.

"ಅಜ್ಜಿ, ಅವರು ಏನು ತಪ್ಪು ಮಾಡಿದ್ದರು?" ಎಂದು ಆರೇಳು ವರ್ಷದ ಮಗು ಕೇಳಿಯೇ ಕೇಳುತ್ತದೆ. ಮಾತು ತಿರುಗಿಸಬೇಡಿ. ಏನೂ ಮಾಡಿರಲಿಲ್ಲ ಕಂದ, ಅವರನ್ನು ಹಿಡಿದು ತಂದು ಮಾರಿದ್ದರು, ಕೂಲಿಯಿಲ್ಲದೆ ದುಡಿಸುತ್ತಿದ್ದರು, ಅದಕ್ಕೇ ಓಡಿಬಂದರು ಎಂದು ಹೇಳಿ. ಚಾಟಿಯೇಟಿನ ವಿವರ ಆ ವಯಸ್ಸಿಗೆ ಬೇಡ. "ಸಿಕ್ಕಿಬಿದ್ದರಾ?" ಎಂದರೆ, ಕೆಲವರು ಸಿಕ್ಕಿಬಿದ್ದರು, ಕೆಲವರು ಬೆಟ್ಟ ಸೇರಿ ಮರೂನ್‌ಗಳೆಂಬ ಸ್ವತಂತ್ರ ಜನರೊಡನೆ ಬಾಳಿದರು. 1739ರಲ್ಲಿ ಇಂಗ್ಲಿಷರೇ ಆ ಮರೂನರ ಜೊತೆ ಒಪ್ಪಂದಕ್ಕೆ ಬರಬೇಕಾಯಿತು. ಈ ಭಾಗವನ್ನು ಮಕ್ಕಳು ಎರಡೆರಡು ಸಲ ಹೇಳಿಸಿಕೊಳ್ಳುತ್ತಾರೆ.

ಕೊನೆಗೆ ಆಳದಲ್ಲಿ ಕನ್ನಡಿಯಂಥ ಕೆರೆಯಿದೆ. ಮೆಟ್ಟಿಲು ಕಡಿದು, ತೇವ. ಮಂಡಿನೋವಿದ್ದರೆ ಮೇಲೆಯೇ ನಿಲ್ಲಿ, ಮಗುವನ್ನು ಇನ್ನೊಬ್ಬ ಹಿರಿಯರ ಜೊತೆ ಕಳಿಸಿ. ಜಾರದ ಶೂ ಇರಲಿ. 2025ರ ಅಕ್ಟೋಬರ್‌ನಲ್ಲಿ ಮೆಲಿಸಾ ಚಂಡಮಾರುತ ಜಮೈಕಾವನ್ನು ಜಜ್ಜಿಹಾಕಿತು, ಹಾಗಾಗಿ ಗುಹೆ ತೆರೆದಿದೆಯೇ ಎಂದು ಮೊದಲು ವಿಚಾರಿಸಿ. ನಿಮ್ಮ ಅಮೆರಿಕ ವೀಸಾದಲ್ಲಿ ಮತ್ತೆ ಒಳಬರಲು ಅವಕಾಶವಿದೆಯೇ ಎಂಬುದನ್ನೂ ಟಿಕೆಟ್ಟಿಗೆ ಮುಂಚೆ ನೋಡಿಕೊಳ್ಳಿ.

ಹೊರಬಂದು ಊಟಕ್ಕೆ ಕೂತಾಗ ಪಟ್ಟಿಯಲ್ಲಿ "ರೋಟಿ", "ಕರಿ" ಕಂಡು ಮಗು ಬೆರಗಾದೀತು. 1838ರಲ್ಲಿ ಗುಲಾಮರಿಗೆ ಪೂರ್ಣ ಬಿಡುಗಡೆ ಸಿಕ್ಕಿತು, ತೋಟಗಳಿಗೆ ಆಳು ಬೇಕಾಯಿತು. 1845ರಿಂದ ಹಡಗು ಹಡಗಾಗಿ ಬಂದವರು ನಮ್ಮ ದೇಶದವರು, ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯ ಬಡವರು. ಆ ರೋಟಿ ಅವರದೇ. ಅದನ್ನೇ ತರಿಸಿ, ತಿನ್ನುತ್ತಾ ಆ ಕಥೆ ಶುರುಮಾಡಿ.