ಹಾಲು ಒಲ್ಲದ ಮಗುವಿಗೆ ಮೈಸೂರಿನ ಉತ್ತರ

ಹಸುವಿನ ಹಾಲು ಒಳಗೆ ಹೋದರೆ ಸಾಕು, ಕೆಲವು ಮಕ್ಕಳಿಗೆ ಮೈಯೆಲ್ಲ ದದ್ದು, ವಾಂತಿ, ಭೇದಿ. ಇಂಥ ಮಕ್ಕಳಿಗೆ ಏನು ಕೊಡುವುದು ಎಂಬ ಪ್ರಶ್ನೆ ಬಂದಾಗ ವೈದ್ಯರು ಮೊದಲು ಹುಡುಕಿದ್ದು ಇನ್ನೊಂದು ಹಾಲನ್ನೇ. ಬಾಲ್ಟಿಮೋರ್‌ನ ಮಕ್ಕಳ ವೈದ್ಯ ಜಾನ್ ರೂರಾ 1909ರಲ್ಲಿ ಶಿಶುಗಳಿಗೆ ಸೋಯಾ ಅವರೆ ಉಣಿಸಿದ ವರದಿ ಪ್ರಕಟಿಸಿದರು. 1929ರಲ್ಲಿ ಹಿಲ್ ಮತ್ತು ಸ್ಟುವರ್ಟ್ ಎಂಬ ಅಮೆರಿಕದ ಇಬ್ಬರು ವೈದ್ಯರು ಹಾಲು ಒಗ್ಗದ ಕೂಸುಗಳಿಗೆಂದೇ ಸೋಯಾದ ಆಹಾರವೊಂದನ್ನು ಮುಂದಿಟ್ಟರು. ಚೀಪಿಯೇ ಬದುಕಬೇಕಾದ ಎಳೆಗೂಸಿಗೆ ಆಗ ಅದೊಂದು ದಾರಿಯಾಗಿತ್ತು.

ಒಂದು ವರ್ಷ ದಾಟಿದ ಮಗುವಿನ ಕತೆಯೇ ಬೇರೆ. ಅದಕ್ಕೆ ಹಲ್ಲು ಬಂದಿದೆ, ಹಟವೂ ಬಂದಿದೆ. ಸೋಯಾ ಹಾಲನ್ನು ಮೂಸಿ ನೋಡಿ ಲೋಟ ತಳ್ಳುತ್ತದೆ, ಬಾದಾಮಿ ಹಾಲನ್ನು ಬಾಯಿಂದ ಉಗುಳುತ್ತದೆ. ಮನೆಯವರು ಕಂಗಾಲು. ಹಾಲಿಲ್ಲದೆ ಮೂಳೆ ಬಲಿಯುವುದು ಹೇಗೆ, ಮಗು ಬೆಳೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಾಲನ್ನು ಹೋಲುವ ಮತ್ತೊಂದು ಪಾನೀಯದಲ್ಲಿ ಅಲ್ಲ. ಹಾಲು ಮಾಡುವ ಕೆಲಸಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ. ಆ ಕೆಲಸದ ದೊಡ್ಡ ಪಾಲು ನಡೆದದ್ದು ನಮ್ಮ ಸುತ್ತಮುತ್ತಲೇ, ಹಾಲು ಸಾಕಷ್ಟು ಸಿಗದ ಬಡ ಮಕ್ಕಳಿಗಾಗಿ.

1930ರ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯದ ಮುಖ್ಯಸ್ಥರು ಡಬ್ಲ್ಯೂ.ಆರ್. ಐಕ್ರಾಯ್ಡ್. ಅನ್ನವೇ ಪ್ರಧಾನವಾದ ಬಡ ಊಟ ಉಣ್ಣುವ ಮಕ್ಕಳಿಗೆ ಅವರೂ ಬಿ.ಜಿ. ಕೃಷ್ಣನ್ ಅವರೂ ಕೆನೆ ತೆಗೆದ ಹಾಲು ಕೊಟ್ಟು ನೋಡಿದರು; ಮಕ್ಕಳು ಚೆನ್ನಾಗಿ ಬೆಳೆದರು. ಹಾಗಾದರೆ ಹಾಲಿನಲ್ಲಿರುವ ಯಾವುದು ಈ ಕೆಲಸ ಮಾಡಿತು? ಮುಂದೆ ಅವರು ಹಾಲನ್ನು ಬದಿಗಿಟ್ಟು ಶಿಶುವಿಹಾರದ ಪುಟ್ಟ ಮಕ್ಕಳಿಗೆ ಕ್ಯಾಲ್ಸಿಯಂ ಲ್ಯಾಕ್ಟೇಟ್ ಒಂದನ್ನೇ ಕೊಟ್ಟರು. ಅದರಿಂದಲೂ ಬೆಳವಣಿಗೆ ಚುರುಕಾಯಿತು. ಆ ವರದಿ 1938ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅನ್ನದ ಊಟದಲ್ಲಿ ಕೊರತೆಯಾಗಿದ್ದ ಮುಖ್ಯ ವಸ್ತುಗಳಲ್ಲಿ ಒಂದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಅದು ಹಾಲಿನಿಂದಲೇ ಬರಬೇಕೆಂಬ ನಿಯಮವೇನೂ ಇರಲಿಲ್ಲ.

ಸುಣ್ಣ ತುಂಬಿದ ಧಾನ್ಯ ಮೈಸೂರು ಸೀಮೆಯ ಹೊಲದಲ್ಲೇ ಬೆಳೆಯುತ್ತಿತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ಆದರೆ ಕಾಳಿನಲ್ಲಿ ಇರುವುದು ಬೇರೆ, ಮೈಗೆ ಹತ್ತುವುದು ಬೇರೆ. ರಾಗಿಯಲ್ಲಿರುವ ಫೈಟಿಕ್ ಆಮ್ಲ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಅನುಮಾನ ಇದ್ದೇ ಇತ್ತು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಇದನ್ನು ಮಕ್ಕಳ ಊಟದಲ್ಲೇ ಪರೀಕ್ಷಿಸಿತು. ಜೋಸೆಫ್, ಕುರಿಯನ್, ಸ್ವಾಮಿನಾಥನ್ ಮತ್ತು ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರು ಬಡ ಸಸ್ಯಾಹಾರದ ಊಟದಲ್ಲಿ ಅಕ್ಕಿಯ ಜಾಗಕ್ಕೆ ಸ್ವಲ್ಪ ಭಾಗ, ಆಮೇಲೆ ಪೂರ್ತಿಯಾಗಿ, ರಾಗಿ ತಂದರು. ಉಂಡದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂದು ಲೆಕ್ಕ ಹಾಕಿದರು. ರಾಗಿ ಉಂಡ ಮಕ್ಕಳ ಮೈಯಲ್ಲಿ ಹೆಚ್ಚು ಕ್ಯಾಲ್ಸಿಯಂ ಉಳಿದಿತ್ತು. 1959ರಲ್ಲಿ ಅದು ‘ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್’ನಲ್ಲಿ ಅಚ್ಚಾಯಿತು.

ಇಷ್ಟಾದರೂ ಒಂದು ತೊಡಕು ಉಳಿಯಿತು. ರಾಗಿ ಹಿಟ್ಟನ್ನು ಕುದಿಸಿದರೆ ಅದರ ಪಿಷ್ಟ ನೀರು ಹೀರಿ ಉಬ್ಬುತ್ತದೆ. ಮಗುವಿಗೆ ಉಣಿಸುವ ಸರಿ, ಅಂದರೆ ಗಂಜಿ, ಅಂಟಂಟಾಗಿ ಗಟ್ಟಿಯಾಗುತ್ತದೆ. ಮಗು ನುಂಗಲೆಂದು ತಾಯಿ ನೀರು ಬೆರೆಸುತ್ತಾಳೆ. ಮುಷ್ಟಿಯಷ್ಟು ಹೊಟ್ಟೆ ನೀರಿನಿಂದಲೇ ತುಂಬುತ್ತದೆ, ಮೈಗೆ ಬೇಕಾದ ಶಕ್ತಿ ಸಿಗುವುದಿಲ್ಲ. ಇದಕ್ಕೆ ದಾರಿ ತೋರಿಸಿದವರು ಸಿಎಫ್‌ಟಿಆರ್‌ಐಯ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್. ಮೊಳಕೆ ಬಂದ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಬಿಸಿ ಏರುತ್ತಿರುವಾಗ ಅದು ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡರಿಸುತ್ತದೆ. ಹಿಟ್ಟು ಹೆಚ್ಚು ಹಾಕಿದರೂ ಸರಿ ತೆಳುವಾಗಿಯೇ ಉಳಿಯುತ್ತದೆ. ಮೊಳಕೆ ರಾಗಿಗೆ ಹೆಸರುಕಾಳು ಸೇರಿಸಿ, ಬಿಸಿಯಾಗಿದ್ದಾಗ ಅಂಟಾಗದ ಮಕ್ಕಳ ಆಹಾರವೊಂದನ್ನು ಅವರು ರೂಪಿಸಿ 1982ರಲ್ಲಿ ಪ್ರಕಟಿಸಿದರು. ರಾಗಿಯಲ್ಲಿ ಕೊರತೆಯಾದ ಲೈಸಿನ್ ಎಂಬ ಅಮೈನೊ ಆಮ್ಲ ಹೆಸರುಕಾಳಿನಲ್ಲಿ ಧಾರಾಳವಾಗಿದೆ. ಮೊಳಕೆಯಿಂದ ಫೈಟಿಕ್ ಆಮ್ಲವೂ ಕಡಿಮೆಯಾಗುತ್ತದೆ. ಒಂದೇ ಕೆಲಸಕ್ಕೆ ಮೂರು ಫಲ.

ನಮ್ಮ ಅಜ್ಜಿಯರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಿದ್ದದ್ದು ಇದನ್ನೇ. ಪ್ರಯೋಗಾಲಯ ಹೇಳಿದ್ದು ಅದು ಏಕೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ ಎಂದು. ಮೊಳಕೆ ರಾಗಿಯನ್ನು ಕಡುವಾಗಿ ಹುರಿದರೆ ಕಿಣ್ವ ಸಾಯುತ್ತದೆ. ಹದವಾಗಿ ಬೆಚ್ಚಗೆ ಮಾಡಿದರೆ ಸಾಕು. ಹಿಟ್ಟನ್ನು ಕುದಿಯುವ ನೀರಿಗೆ ಸುರಿದರೂ ಅದೇ ಗತಿ. ತಣ್ಣೀರಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸಬೇಕು. ಬಿಳುಪು, ನಯ ಬೇಕೆಂದು ಬಟ್ಟೆಯಲ್ಲಿ ತೀರಾ ಜಾಲಿಸಿದರೆ ಹೊಟ್ಟಿನ ಜೊತೆ ಸುಣ್ಣವೂ ಹೋಗುತ್ತದೆ, ಏಕೆಂದರೆ ರಾಗಿಯ ಸಿಪ್ಪೆಯಲ್ಲೇ ಅದು ಹೆಚ್ಚು.

ಬೆಳ್ಳಗಿದ್ದದ್ದೆಲ್ಲ ಹಾಲು ಎಂದುಕೊಂಡರೆ ಏನಾಗುತ್ತದೆ ಎಂಬುದು ಅಟ್ಲಾಂಟಾದ ವೈದ್ಯರು 2001ರಲ್ಲಿ ‘ಪೀಡಿಯಾಟ್ರಿಕ್ಸ್’ನಲ್ಲಿ ಬರೆದ ವರದಿಯಲ್ಲಿದೆ. ಹಾಲು ಒಗ್ಗುವುದಿಲ್ಲವೆಂದು ಅಕ್ಕಿಯ ಪಾನೀಯವನ್ನೇ ನೆಚ್ಚಿಕೊಂಡಿದ್ದ 22 ತಿಂಗಳ ಮಗುವಿಗೆ ಕ್ವಾಶಿಯೋರ್ಕರ್ ಬಂದಿತ್ತು. ಅದು ಪ್ರೋಟೀನ್ ಕೊರತೆಯಿಂದ ಮೈ ಊದಿಕೊಳ್ಳುವ ರೋಗ. ಹಾಲಿನ ಬದಲಿಯನ್ನು ಮಗು ತಳ್ಳುವುದು ಹಟವೇ ಇರಬಹುದು. ಆದರೆ ಆ ಲೋಟದಲ್ಲಿ ಕಳೆದುಕೊಳ್ಳುವಂಥದ್ದು ಹಲವು ಸಲ ಹೆಚ್ಚೇನೂ ಇರುವುದಿಲ್ಲ.

ಒಂದರಿಂದ ಮೂರು ವರ್ಷದ ಮಗುವಿಗೆ ಭಾರತೀಯ ಶಿಫಾರಸು ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ. ನಲವತ್ತು ಗ್ರಾಂ ರಾಗಿ ಹಿಟ್ಟಿನಲ್ಲಿ ಅದರ ಕಾಲುಭಾಗಕ್ಕಿಂತ ತುಸು ಹೆಚ್ಚು ಇದೆ. ಉಳಿದದ್ದು ಹುರುಳಿ ಸಾರು, ತೊಗರಿಬೇಳೆ ಜೊತೆ ಬೆಂದ ನುಗ್ಗೆ ಸೊಪ್ಪು, ಎಳ್ಳುಪುಡಿ, ಮೀನು ತಿನ್ನುವವರಲ್ಲಿ ಮುಳ್ಳಿನ ಸಮೇತ ನುರಿದ ಸಣ್ಣ ಮೀನು, ಹೀಗೆ ಕೂಡಿಬರಬೇಕು. ಹಾಲಿನ ಕೊಬ್ಬಿನ ಬದಲಿಗೆ ಸರಿಗೆ ಒಂದು ಚಮಚ ಎಣ್ಣೆ ಅಥವಾ ತೆಂಗಿನಕಾಯಿ ಹಾಲು. ಎಳ್ಳು, ಕಡಲೆಕಾಯಿಯೂ ಕೆಲವರಿಗೆ ಒಗ್ಗುವುದಿಲ್ಲ. ಮೊದಲ ಸಲ ಚೂರೇ ಕೊಟ್ಟು ನೋಡಬೇಕು.

ಹಾಲಿನ ಪ್ರೋಟೀನ್ ಆಗದ ಮಗುವಿಗೆ ‘ಮೇಕೆ ಹಾಲು ಕೊಡಿ’ ಎನ್ನುವ ಸಲಹೆ ಬೇಡ. ಹಸು, ಎಮ್ಮೆ, ಮೇಕೆಗಳ ಪ್ರೋಟೀನ್ ಒಂದನ್ನೊಂದು ಹೋಲುವುದರಿಂದ ಅಲರ್ಜಿ ಸಾಮಾನ್ಯವಾಗಿ ಎಲ್ಲಕ್ಕೂ ಕೆರಳುತ್ತದೆ. ಅಂಗಡಿಯ ರಾಗಿ ಮಾಲ್ಟ್ ಪೊಟ್ಟಣದಲ್ಲಿ ಹಾಲಿನ ಪುಡಿ ಇದೆಯೇ ಎಂದು ಓದಿ ಕೊಳ್ಳಬೇಕು. ಒಂದು ಕೆಲಸ ಮಾತ್ರ ರಾಗಿಗೆ ಆಗದು: ವಿಟಮಿನ್ ಬಿ12. ಮೊಟ್ಟೆ, ಮೀನು, ಮಾಂಸ ಯಾವುದೂ ಇಲ್ಲದ ಮನೆಯಲ್ಲಿ ಹಾಲೂ ನಿಂತರೆ ಅದಕ್ಕೆ ವೈದ್ಯರು ಬರೆದ ಹನಿ ಬೇಕೇ ಬೇಕು. ವಿಟಮಿನ್ ಡಿ ಬಗ್ಗೆಯೂ ಅವರನ್ನು ಕೇಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ‘ಇನ್ಯಾವ ಹಾಲು ಕೊಡಲಿ’ ಎಂದು ಕೇಳುವ ಬದಲು, ಮಗು ಒಂದು ವಾರ ತಿಂದದ್ದರ ಪಟ್ಟಿ ತೋರಿಸಿ, ‘ಇದರಲ್ಲಿ ಏನು ಕಡಿಮೆ’ ಎಂದು ಕೇಳುವುದು ಮೇಲು.